ಅಮ್ಮನ ಕೆಳಗಿನ ದವಡೆ ಹಲ್ಲು ತೆಗೆದಾಗಿದೆ. ಆ ಜಾಗಕ್ಕೆ ಎಂತ ಮಾಡಿಸುವುದು ಒಳ್ಳೆಯದು?

ಕಲ್ಯಾಣಪುರದ ಮಗಳು

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 71 ವರ್ಷ. ಕೆಳಗೆ ಎಡಗಡೆಯ ದೊಡ್ಡ ದವಡೆ ಹಲ್ಲು ಬೇರಿನವರೆಗೆ ಸೀಳಿತ್ತು. ಉಳಿಸಲು ಆಗುವುದಿಲ್ಲ ಅಂತ ತೆಗೆಸಿದೆವು. ಗಾಯ ಚೆನ್ನಾಗಿ ಮಾಗಿದೆ. ಈಗ ಆ ಖಾಲಿ ಜಾಗಕ್ಕೆ ಎಂತ ಮಾಡುವುದು?

ಉಡುಪಿಯಲ್ಲಿ ಒಬ್ಬರು ಡಾಕ್ಟ್ರು ಇಂಪ್ಲಾಂಟ್ ಹಾಕಿಸಿ ಅಂದರು, ಅಂದರೆ ದವಡೆ ಮೂಳೆಗೆ ಸ್ಕ್ರೂ ಕೂರಿಸಿ ಅದರ ಮೇಲೆ ಹಲ್ಲು. ಇನ್ನೊಬ್ಬರು ಅಕ್ಕಪಕ್ಕದ ಹಲ್ಲಿನ ಆಧಾರದಲ್ಲಿ ಕೂರಿಸುವ ಬ್ರಿಡ್ಜ್ ಸಾಕು ಅಂದರು. ಅಮ್ಮ ಮಾತ್ರ "ಈ ಪ್ರಾಯದಲ್ಲಿ ನನಗೆ ಹೊಸ ಹಲ್ಲು ಎಂತಕ್ಕೆ, ಸುಮ್ನೆ ದುಡ್ಡು ದಂಡ" ಅನ್ನುತ್ತಾರೆ. ಆದರೆ ಊಟದ ಹೊತ್ತಿಗೆ ನೋಡಿದರೆ ಗೊತ್ತಾಗುತ್ತದೆ. ಎಲ್ಲವನ್ನೂ ಬಲಗಡೆಗೆ ತಳ್ಳಿ ಜಗಿಯುತ್ತಾರೆ. ಬಸಳೆ ಗಸಿ ಅಂದರೆ ಅಷ್ಟು ಇಷ್ಟ, ಈಗ ದಂಟನ್ನೆಲ್ಲ ಬಟ್ಟಲಿನ ಬದಿಗೆ ಇಡುತ್ತಾರೆ. ಕುಚ್ಚಲಕ್ಕಿ ಅನ್ನದ ಬದಲು ಗಂಜಿ ತೆಳು ಮಾಡಿ ಕುಡಿದು ಏಳುತ್ತಾರೆ.

ಅವರಿಗೆ ಶುಗರ್ ಉಂಟು, ಮಾತ್ರೆಯಲ್ಲಿದೆ. ಬಿಪಿ ಉಂಟು. ದಿನಾ ಒಂದು ಆಸ್ಪಿರಿನ್ ತಗೊಳ್ಳುತ್ತಾರೆ. ಹೋದ ಹಲ್ಲಿನ ಮುಂದಿನ ಹಲ್ಲು ಗಟ್ಟಿಯಾಗಿದೆ. ಹಿಂದಿನದ್ದಕ್ಕೆ ಹಿಂದೊಮ್ಮೆ ರೂಟ್ ಕೆನಾಲ್ ಆಗಿತ್ತು, ಕ್ಯಾಪ್ ಹಾಕಿಸಿಲ್ಲ, ಅರ್ಧ ಹಲ್ಲು ಫಿಲ್ಲಿಂಗೇ. ಮೇಲಿನ ಸಾಲು ಪೂರ್ತಿ ಇದೆ. ಮನೆಯಲ್ಲಿ ಹಿರಿಯರಿಗೆ ಹೀಗೆ ಮಾಡಿಸಿದವರು ಇದ್ದರೆ ದಯವಿಟ್ಟು ಹೇಳಿ.

ಪಡುಬಿದ್ರಿ ಮಾವ

ನನಗೆ 74. ಮೇಲೆ ಎರಡೂ ಕಡೆ ಕಟ್ಟಕಡೆಯ ಹಲ್ಲು ಹೋಗಿ ಎಷ್ಟೋ ವರ್ಷ ಆಯಿತು. ಎಂತದೂ ಮಾಡಿಸಲಿಲ್ಲ. ಬಂಗುಡೆಯನ್ನೂ ತಿನ್ನುತ್ತೇನೆ, ಕೋರಿ ರೊಟ್ಟಿಯನ್ನೂ ತಿನ್ನುತ್ತೇನೆ. ಅಮ್ಮನಿಗೆ ಬೇಡ ಅಂತಿದ್ದರೆ ಒತ್ತಾಯ ಮಾಡಬೇಡ ಮಗಾ.

ದಂತ ವೈದ್ಯೆ, ನಿವೃತ್ತ

ಮಾವ ಹೇಳಿದ್ದು ಅವರ ಬಾಯಿಯ ಮಟ್ಟಿಗೆ ಸರಿ. ಕಟ್ಟಕಡೆಯ ಹಲ್ಲು ಹೋದರೆ ಹೆಚ್ಚಿನವರಿಗೆ ಅದರ ಜಾಗಕ್ಕೆ ಏನೂ ಬೇಕಾಗುವುದಿಲ್ಲ. ನೆದರ್ಲೆಂಡ್ಸ್‌ನ ಕೇಸರ್ ಎಂಬ ದಂತ ತಜ್ಞರು 1981ರಲ್ಲೇ ಇದನ್ನು ಹೇಳಿದ್ದರು. ಮುಂದಿನ ಹಲ್ಲುಗಳೂ ಅವುಗಳ ಹಿಂದಿನ ಸಣ್ಣ ದವಡೆ ಹಲ್ಲುಗಳೂ ಮೇಲೆ ಕೆಳಗೆ ಸೇರಿ ಸುಮಾರು 20 ಗಟ್ಟಿಯಾಗಿದ್ದರೆ ಊಟಕ್ಕೆ ಸಾಕು ಅಂತ. ಜಪಾನಿನಲ್ಲಿ 1989ರಿಂದ ನಡೆಯುತ್ತಿರುವ ಅಭಿಯಾನದ ಗುರಿಯೂ ಅದೇ: 80 ವರ್ಷಕ್ಕೆ ಸ್ವಂತದ 20 ಹಲ್ಲು.

ಆದರೆ ನಿಮ್ಮ ಅಮ್ಮನದ್ದು ಸಾಲಿನ ನಡುವಿನ ಹಲ್ಲು. ಆ ಕಡೆಯ ಜಗಿತದ ಬಹುಪಾಲು ಅದರ ಮೇಲೆಯೇ ಇರುತ್ತದೆ. ಜಾಗ ಖಾಲಿ ಬಿಟ್ಟರೆ ಹಿಂದಿನ ಹಲ್ಲು ಮುಂದಕ್ಕೆ ವಾಲಬಹುದು. ಮೇಲಿನ ಹಲ್ಲು ಕೆಳಗೆ ಇಳಿಯಬಹುದು. ವಾಲಿದ ಸಂದಿಯಲ್ಲಿ ಅನ್ನ, ಬಸಳೆ ನಾರು ಸಿಕ್ಕಿ ಹುಳುಕು ಬರುತ್ತದೆ. ಪ್ರಾಯ ಆದವರಲ್ಲಿ ಇದು ನಿಧಾನ, ಕೆಲವರಲ್ಲಿ ಆಗುವುದೇ ಇಲ್ಲ. ಹಾಗಾಗಿ ತಕ್ಷಣ ಮಾಡಿಸದಿದ್ದರೆ ಬಾಯಿ ಕೆಟ್ಟೇ ಹೋಗುತ್ತದೆ ಅಂತ ಯಾರಾದರೂ ಹೆದರಿಸಿದರೆ ಅವಸರಕ್ಕೆ ಬೀಳಬೇಡಿ. ಆದರೆ ಅಮ್ಮ ಒಂದೇ ಬದಿ ಜಗಿಯುತ್ತಿದ್ದಾರೆ, ಊಟ ಬದಲಾಗಿದೆ. ಅದೇ ಹಲ್ಲು ಹಾಕಿಸಲು ಸಾಕಷ್ಟು ಕಾರಣ. ಶುಗರ್ ಇರುವವರು ಸೊಪ್ಪು ತರಕಾರಿ ಬಿಟ್ಟು ತೆಳು ಗಂಜಿಗೆ ಬಂದರೆ ಶುಗರಿಗೂ ಒಳ್ಳೆಯದಲ್ಲ.

ಇಂಪ್ಲಾಂಟ್‌ಗೆ ಪ್ರಾಯ ಒಂದೇ ಅಡ್ಡಿ ಅಲ್ಲ. 80ರಲ್ಲಿಯೂ ಹಾಕುತ್ತಾರೆ. ನೋಡಬೇಕಾದದ್ದು ಮೂಳೆ ಎಷ್ಟಿದೆ, ಮೂರು ತಿಂಗಳ ಶುಗರ್ ಎಷ್ಟಿದೆ, ಬೇರೆ ಯಾವ ಔಷಧಿ ನಡೆಯುತ್ತಿದೆ, ಹೊಗೆಸೊಪ್ಪು ಉಂಟಾ ಅನ್ನುವುದು. ಆ ಮೂರು ತಿಂಗಳ ಶುಗರ್ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ 7ರ ಆಸುಪಾಸು ಇದ್ದರೆ ಧೈರ್ಯ. 8 ದಾಟಿದ್ದರೆ ಮೊದಲು ಅದನ್ನು ಇಳಿಸಿ.

ಇನ್ನೊಂದು ಮಾತು. ಆಸ್ಪಿರಿನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ. ಹಲ್ಲಿನ ಕೆಲಸ ಅಂತ ಮನೆಯಲ್ಲೇ ನಾಲ್ಕು ದಿನ ಮಾತ್ರೆ ಬಿಟ್ಟವರನ್ನು ತುಂಬಾ ನೋಡಿದ್ದೇನೆ. ವಸಡಿನ ರಕ್ತ ಹತ್ತಿ ಒತ್ತಿ ಹಿಡಿದರೆ ನಿಲ್ಲುತ್ತದೆ. ಹೃದಯದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೆ ಹಾಗಲ್ಲ.

ಕದ್ರಿ ಗುಡ್ಡೆ

ನಾನು ಹಾಕಿಸಿದವ. 66 ವರ್ಷ, ಕೆಳಗಿನದ್ದೇ ದವಡೆ ಹಲ್ಲು. ಮಂಗಳೂರಿನಲ್ಲೇ ಮಾಡಿಸಿದೆ.

ಮೊದಲು ಸಿಬಿಸಿಟಿ ಸ್ಕ್ಯಾನ್ ಮಾಡಿದರು, ದವಡೆಯನ್ನು ಎಲ್ಲ ಕಡೆಯಿಂದ ತೋರಿಸುವ ಎಕ್ಸ್‌ರೇ. ದವಡೆ ಮೂಳೆಯ ಅಗಲ, ಎತ್ತರ, ಕೆಳಗೆ ತುಟಿಗೆ ಹೋಗುವ ನರ ಎಷ್ಟು ದೂರದಲ್ಲಿದೆ, ಎಲ್ಲ ಪರದೆಯಲ್ಲಿ ತೋರಿಸಿದರು. ಹಾಕುವ ದಿನ ಹಲ್ಲು ಕೀಳಿಸುವಾಗ ಕೊಡುವಂಥದ್ದೇ ಇಂಜೆಕ್ಷನ್. ನೋವು ಇರಲಿಲ್ಲ. ಮೂಳೆಯಲ್ಲಿ ಒಂದು ಗುಂಯ್ ಅನ್ನುವ ನಡುಕ, ನೀರು ಬಿಡುತ್ತಲೇ ಇರುತ್ತಾರೆ. ಕಡೆಗೆ ಒಂದು ಸಣ್ಣ ಸ್ಪ್ಯಾನರಿನಲ್ಲಿ ಸ್ಕ್ರೂ ತಿರುಗಿಸುತ್ತಾರೆ, ಆಗ ಕಿವಿಯ ಹತ್ತಿರ ಟಿಕ್ ಅಂತ ಒಂದು ಸದ್ದು. ಅಷ್ಟೇ. ಮರುದಿನ ಕೆನ್ನೆ ಸ್ವಲ್ಪ ಊದಿತ್ತು, ಐಸ್ ಇಟ್ಟೆ.

ಕಷ್ಟ ಅಂದರೆ ಕಾಯುವುದು. ಮೂಳೆ ಆ ಟೈಟಾನಿಯಂ ಸ್ಕ್ರೂವನ್ನು ಹಿಡಿಯಬೇಕಲ್ವಾ. ಕೆಳಗಿನ ದವಡೆಗೆ ಮೂರು ತಿಂಗಳು, ಮೇಲಿನದಕ್ಕೆ ಇನ್ನೂ ಜಾಸ್ತಿ ಅಂದರು. ಆಮೇಲೆ ಅಳತೆ, ಆಮೇಲೆ ಕ್ಯಾಪ್. ಈಗ ಚಕ್ಕುಲಿಯನ್ನು ಅದರಲ್ಲೇ ಕಡಿಯುತ್ತೇನೆ, ಅಕ್ಕಪಕ್ಕದ ಹಲ್ಲನ್ನು ಮುಟ್ಟಲೇ ಇಲ್ಲ. ಕ್ಲಿನಿಕ್‌ಗಳಲ್ಲಿ ನಾನು ವಿಚಾರಿಸಿದಾಗ ಕ್ಯಾಪ್ ಸೇರಿ 25ರಿಂದ 50 ಸಾವಿರದವರೆಗೆ ಹೇಳಿದರು. ಕೇಳುವಾಗ ಕ್ಯಾಪ್ ಸೇರಿಯಾ ಅಂತ ಖಂಡಿತ ಕೇಳಿ. ಬರೀ ಸ್ಕ್ರೂವಿನ ರೇಟು ಹೇಳುವವರು ಇದ್ದಾರೆ.

ಪಡುಬಿದ್ರಿ ಮಾವ

ಮೂಳೆಯೊಳಗೆ ಸ್ಕ್ರೂ ಅಂದರೆ ನನಗೆ ಧೈರ್ಯ ಸಾಲದು. ಇದೆಲ್ಲ ಈಗ ಬಂದದ್ದು, ಮುಂದೆ ಎಂತ ಆಗುತ್ತದೆ ಅಂತ ಯಾರು ನೋಡಿದ್ದಾರೆ?

ದಂತ ವೈದ್ಯೆ, ನಿವೃತ್ತ

ಈಗ ಬಂದದ್ದಲ್ಲ ಮಾವ. ಸ್ವೀಡನ್ನಿನ ಬ್ರೋನೆಮಾರ್ಕ್ ಮೊದಲ ರೋಗಿಗೆ ಇದನ್ನು ಹಾಕಿದ್ದು 1965ರಲ್ಲಿ. ನಮ್ಮ ಮಣಿಪಾಲದ ದಂತ ಕಾಲೇಜು ಶುರುವಾದದ್ದೂ ಅದೇ ವರ್ಷ. ಆ ರೋಗಿ ನಲವತ್ತು ವರ್ಷ ಆ ಹಲ್ಲಿನಲ್ಲೇ ಉಂಡರು. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷ ಕಳೆದ ಮೇಲೂ ನೂರಕ್ಕೆ 90ಕ್ಕಿಂತ ಹೆಚ್ಚು ಇಂಪ್ಲಾಂಟ್ ಗಟ್ಟಿಯಾಗಿರುತ್ತವೆ. ನೋಡಿಕೊಳ್ಳದಿದ್ದರೆ ಸುತ್ತಲಿನ ವಸಡಿಗೆ ಸೋಂಕು ಬಂದು ಮೂಳೆ ಕರಗುತ್ತದೆ. ಇಂಪ್ಲಾಂಟ್‌ಗೆ ಹುಳುಕು ಬರುವುದಿಲ್ಲ ನಿಜ, ವಸಡಿನ ರೋಗ ಬರುತ್ತದೆ.

ಬಂಟ್ವಾಳದ ಸೊಸೆ

ಅಕ್ಕ, ಒಂದು ವಿಷಯ ಕೇಳಬೇಕಿತ್ತು. ನಿಮ್ಮ ಅಮ್ಮನಿಗೆ ಮೂಳೆ ಸವೆತಕ್ಕೆ ಏನಾದರೂ ಔಷಧಿ ಕೊಟ್ಟಿದ್ದಾರಾ? ವಾರಕ್ಕೊಂದು ಮಾತ್ರೆ, ಅಥವಾ ವರ್ಷಕ್ಕೊಂದು ಡ್ರಿಪ್? ನಮ್ಮ ಚಿಕ್ಕಮ್ಮನಿಗೆ ಹಲ್ಲು ತೆಗೆಯುವ ಮೊದಲು ಡಾಕ್ಟ್ರು ಇದನ್ನೇ ಎರಡು ಸಲ ಕೇಳಿದರು. ನಾವು ಅದನ್ನು ಹಲ್ಲಿಗೆ ಸಂಬಂಧವೇ ಇಲ್ಲದ ಔಷಧಿ ಅಂದುಕೊಂಡಿದ್ದೆವು.

ಕಲ್ಯಾಣಪುರದ ಮಗಳು

ತಂಗಿ, ನೀವು ಕೇಳಿದ್ದು ಎಷ್ಟು ಒಳ್ಳೆಯದಾಯಿತು. ಕಪಾಟಿನಿಂದ ಹಳೆಯ ಫೈಲ್ ತೆಗೆದು ನೋಡಿದೆ. ಅಮ್ಮ ಜಾರಿ ಬಿದ್ದು ಕೈಯ ಮಣಿಕಟ್ಟು ಮುರಿದುಕೊಂಡಿದ್ದರು. ಆಮೇಲೆ ವರ್ಷಕ್ಕೊಮ್ಮೆಯಂತೆ ಜೊಲೆಡ್ರೋನಿಕ್ ಆಸಿಡ್ ಡ್ರಿಪ್ ಕೊಟ್ಟಿದ್ದಾರೆ. ಕಡೆಯದ್ದು ಕಳೆದ ವರ್ಷ. ಎರಡೂ ಕ್ಲಿನಿಕ್‌ನ ಫಾರಂನಲ್ಲಿ ಶುಗರ್, ಬಿಪಿ, ಹೃದಯ, ಅಲರ್ಜಿ ಅಂತ ಇತ್ತು. ಇದನ್ನು ಯಾರೂ ಕೇಳಲಿಲ್ಲ. ನನಗೆ ಈಗ ಭಯ ಆಗುತ್ತಿದೆ. ಹಲ್ಲು ಬೇರೆ ತೆಗೆದಾಗಿದೆ.

ದಂತ ವೈದ್ಯೆ, ನಿವೃತ್ತ

ಹೆದರಬೇಡಿ. ತೆಗೆದ ಗಾಯ ಮಾಗಿ ವಸಡು ಪೂರ್ತಿ ಮುಚ್ಚಿದೆ ಅಂದಿರಿ. ಅದು ಒಳ್ಳೆಯ ಲಕ್ಷಣ. ಎಲ್ಲಾದರೂ ಮೂಳೆ ಬಿಳಿಯಾಗಿ ಕಾಣುವುದು, ಕೀವು, ಬಿಡದ ನೋವು ಇದ್ದರೆ ಮಾತ್ರ ತಕ್ಷಣ ತೋರಿಸಿ.

ಈ ಗುಂಪಿನ ಔಷಧಿಗಳು ಮೂಳೆ ಕರಗುವುದನ್ನು ತಡೆಯುತ್ತವೆ. ಅದರಿಂದಲೇ ಸೊಂಟ, ಬೆನ್ನು ಮುರಿಯದೆ ಉಳಿಯುವುದು. ಆದರೆ ಹಳೆಯ ಮೂಳೆ ಕರಗಿ ಹೊಸದು ಬರುವ ಕೆಲಸವೂ ನಿಧಾನವಾಗುತ್ತದೆ. ದವಡೆಗೆ ಗಾಯವಾದಾಗ ಅಪರೂಪಕ್ಕೆ ಅಲ್ಲಿಯ ಮೂಳೆ ಮಾಗದೆ ಸತ್ತುಹೋಗುತ್ತದೆ. 2003ರಲ್ಲಿ ಮೊದಲು ವೈದ್ಯರ ಗಮನಕ್ಕೆ ಬಂದದ್ದು. ಕ್ಯಾನ್ಸರ್‌ಗೆ ಮತ್ತೆ ಮತ್ತೆ ದೊಡ್ಡ ಪ್ರಮಾಣದಲ್ಲಿ ಕೊಟ್ಟವರಲ್ಲಿ ಜಾಸ್ತಿ. ಮೂಳೆ ಸವೆತಕ್ಕೆ ವರ್ಷಕ್ಕೊಮ್ಮೆ ಕೊಡುವವರಲ್ಲಿ ತುಂಬಾ ಕಡಿಮೆ. ಹಾಗಾಗಿ ಇಂಪ್ಲಾಂಟ್ ಆಗುವುದೇ ಇಲ್ಲ ಅಂತಲ್ಲ. ಆದರೆ ಮೂಳೆ ಕೊರೆಯದೆ ಕೆಲಸ ಆಗುವ ದಾರಿ ಇದ್ದರೆ ನಾನು ಅದನ್ನು ಮೊದಲು ನೋಡುತ್ತೇನೆ.

ಮೂಳೆ ಡಾಕ್ಟ್ರನ್ನು ಕೇಳದೆ ಡ್ರಿಪ್ ನಿಲ್ಲಿಸಬೇಡಿ. ಆ ಔಷಧಿ ಮೂಳೆಯೊಳಗೆ ವರ್ಷಗಟ್ಟಲೆ ಉಳಿಯುತ್ತದೆ, ಈಗ ಬಿಟ್ಟರೆ ನಾಳೆ ಹೋಗುವುದಿಲ್ಲ. ಓದುತ್ತಿರುವ ಬೇರೆಯವರಿಗೂ ಹೇಳುತ್ತೇನೆ: ಆರು ತಿಂಗಳಿಗೊಮ್ಮೆ ಚರ್ಮದ ಅಡಿಗೆ ಕೊಡುವ ಡೆನೊಸುಮ್ಯಾಬ್ ಅನ್ನುವ ಇಂಜೆಕ್ಷನ್ ಉಂಟು. ಅದನ್ನು ತಡ ಮಾಡಿದರೆ ಬೆನ್ನುಮೂಳೆಯೇ ಕುಸಿಯುವ ಅಪಾಯ ಇದೆ. ಹಲ್ಲಿನ ಡಾಕ್ಟ್ರಿಗೆ ಹೇಳಿ, ಮೂಳೆ ಡಾಕ್ಟ್ರ ಜೊತೆ ಅವರೇ ಮಾತಾಡಲಿ.

ಹಲ್ಲಿನ ಲ್ಯಾಬ್ ಕೆಲಸದವ

ನಾನು ಡಾಕ್ಟ್ರಲ್ಲ. ಡಾಕ್ಟ್ರು ಕಳಿಸಿದ ಅಳತೆ ನೋಡಿ ಕ್ಯಾಪ್, ಬ್ರಿಡ್ಜ್, ಸೆಟ್ ಮಾಡುವವ. ಕೆಲಸದ ಮೇಜಿನಿಂದ ಕಾಣುವುದನ್ನು ಹೇಳುತ್ತೇನೆ.

ಬ್ರಿಡ್ಜ್ ಅಂದರೆ ಅಕ್ಕಪಕ್ಕದ ಎರಡು ಹಲ್ಲನ್ನು ಸುತ್ತಲೂ ತೇಯ್ದು, ಮೂರು ಹಲ್ಲನ್ನು ಒಂದೇ ತುಂಡಾಗಿ ಕೂರಿಸುವುದು. ತೇಯ್ದ ಹಲ್ಲು ತಿರುಗಿ ಬರುವುದಿಲ್ಲ. ಎರಡೂ ಗಟ್ಟಿ ಹಲ್ಲಾದರೆ ನನಗೇ ಹೊಟ್ಟೆ ಉರಿಯುತ್ತದೆ. ಆದರೆ ಅಮ್ಮನ ಹಿಂದಿನ ಹಲ್ಲಿಗೆ ರೂಟ್ ಕೆನಾಲ್ ಆಗಿ ಕ್ಯಾಪ್ ಇಲ್ಲ ಅಂದಿರಿ. ಅದಕ್ಕೆ ಕ್ಯಾಪ್ ಹೇಗಿದ್ದರೂ ಬೇಕು, ಇಲ್ಲದಿದ್ದರೆ ಅದೂ ಒಂದು ದಿನ ಸೀಳುತ್ತದೆ. ಹಾಗಾದರೆ ಹೊಸದಾಗಿ ತೇಯುವುದು ಒಂದೇ ಹಲ್ಲು. ಲೆಕ್ಕ ಬದಲಾಯಿತಲ್ವಾ?

ಹಿಂದಿನ ಹಲ್ಲು ಭಾರ ಹೊರುತ್ತದಾ ಅಂತ ಡಾಕ್ಟ್ರು ನೋಡಬೇಕು. ಫಿಲ್ಲಿಂಗ್ ತೆಗೆದ ಮೇಲೆ ವಸಡಿನಿಂದ ಮೇಲೆ ಸುತ್ತಲೂ ಒಂದೂವರೆ ಎರಡು ಮಿಲಿಮೀಟರ್ ಸ್ವಂತ ಹಲ್ಲು ಉಳಿದಿರಬೇಕು. ಅಷ್ಟಿಲ್ಲದೆ ಬರೀ ಫಿಲ್ಲಿಂಗ್ ಮೇಲೆ ಬ್ರಿಡ್ಜ್ ಕೂರಿಸಿದರೆ ಕಳಚಿಕೊಂಡು ಬರುತ್ತದೆ. ಅಂಥ ಬ್ರಿಡ್ಜ್‌ಗಳು ಲ್ಯಾಬಿಗೆ ವಾಪಸ್ ಬರುತ್ತಲೇ ಇರುತ್ತವೆ, ಒಳಗೆ ಮುರಿದ ಹಲ್ಲಿನ ತುಂಡು ಅಂಟಿಕೊಂಡೇ ಇರುತ್ತದೆ.

ಮೆಟಲ್ ಮೇಲೆ ಸೆರಾಮಿಕ್ಕಾ, ಜಿರ್ಕೋನಿಯಾವಾ ಅಂತ ಕೇಳುತ್ತಾರೆ. ಹಿಂದಿನ ಹಲ್ಲಿಗೆ ಎರಡೂ ನಡೆಯುತ್ತದೆ. ಅದಕ್ಕಿಂತ ನಡುವಿನ ಹಲ್ಲಿನ ಅಡಿ ಹೇಗಿದೆ ಅನ್ನುವುದು ಮುಖ್ಯ. ಅದು ಉಬ್ಬಾಗಿ, ನುಣುಪಾಗಿ, ವಸಡನ್ನು ಸ್ವಲ್ಪವೇ ತಾಗುವಂತೆ ಇರಬೇಕು. ಕುದುರೆಯ ಜೀನಿನಂತೆ ವಸಡಿನ ಮೇಲೆ ಕೂತರೆ ಅಡಿಯಲ್ಲಿ ಬ್ರಷ್ ಹೋಗುವುದಿಲ್ಲ, ವಾಸನೆ ಶುರುವಾಗುತ್ತದೆ. "ಕ್ಲೀನ್ ಮಾಡಲು ಜಾಗ ಬಿಟ್ಟು ಮಾಡಿಸಿ" ಅಂತ ಡಾಕ್ಟ್ರಿಗೆ ಹೇಳಿ, ಅವರು ನಮಗೆ ಬರೆದು ಕಳಿಸುತ್ತಾರೆ.

ಬೇಕಾದಾಗ ತೆಗೆದು ಮತ್ತೆ ಹಾಕಿಕೊಳ್ಳುವ ಹಲ್ಲಿನ ಬಗ್ಗೆ ಒಂದು ಎಚ್ಚರಿಕೆ. ಒಂದೇ ಹಲ್ಲಿಗೆ ಒಂದೇ ಬದಿಯಲ್ಲಿ ಕೂರುವ ಸಣ್ಣ ಫ್ಲೆಕ್ಸಿಬಲ್ ತುಂಡು ಮಾಡಿಕೊಡಿ ಅಂತ ಕೇಳುವವರು ತುಂಬಾ. ನೋಡಲು ಚಂದ, ಬೆಲೆಯೂ ಕಡಿಮೆ. ಆದರೆ ಅಷ್ಟು ಸಣ್ಣದು ಊಟದ ಜೊತೆಗೋ ನಿದ್ದೆಯಲ್ಲೋ ಗಂಟಲಿಗೆ ಹೋಗಬಹುದು. ಬರೀ ಪ್ಲಾಸ್ಟಿಕ್ ಆದರೆ ಎಕ್ಸ್‌ರೇಯಲ್ಲೂ ಸರಿಯಾಗಿ ಕಾಣುವುದಿಲ್ಲ. ತೆಗೆದು ಹಾಕುವುದೇ ಬೇಕಾದರೆ ಎರಡೂ ಬದಿಯ ಹಲ್ಲನ್ನು ಹಿಡಿಯುವ ತೆಳು ಲೋಹದ ಚೌಕಟ್ಟಿನದ್ದು ಮಾಡಿಸಿ. ಕಾಸ್ಟ್ ಪಾರ್ಶಿಯಲ್ ಅಂತಾರೆ. ಪೂರ್ತಿ ಪ್ಲಾಸ್ಟಿಕ್‌ನದ್ದಕ್ಕಿಂತ ತೆಳು, ಗಟ್ಟಿ.

ಸುರತ್ಕಲ್ ಟೀಚರ್

ಖರ್ಚಿನ ಬಗ್ಗೆ ಸ್ವಲ್ಪ. ನಮ್ಮ ಜಿಲ್ಲೆಗಳಲ್ಲಿ ದಂತ ಕಾಲೇಜುಗಳಿಗೆ ಬರ ಇಲ್ಲ. ಮಣಿಪಾಲದಲ್ಲಿ ಉಂಟು, ಮಂಗಳೂರಿನ ಲೈಟ್‌ಹೌಸ್ ಹಿಲ್ ರಸ್ತೆಯಲ್ಲಿ ಉಂಟು, ದೇರಳಕಟ್ಟೆಯಲ್ಲಿ ಎರಡು. ಕೃತಕ ಹಲ್ಲಿನದ್ದೇ ಬೇರೆ ವಿಭಾಗ ಇರುತ್ತದೆ, ಪ್ರಾಸ್ತೊಡಾಂಟಿಕ್ಸ್ ಅಂತ. ಪಿಜಿ ವಿದ್ಯಾರ್ಥಿಗಳು ಮಾಡುತ್ತಾರೆ, ಒಂದೊಂದು ಹಂತವನ್ನೂ ಪ್ರೊಫೆಸರ್ ಬಂದು ನೋಡುತ್ತಾರೆ. ಹೊರಗಿನ ಕ್ಲಿನಿಕ್‌ಗಿಂತ ಕಡಿಮೆ ಆಗುತ್ತದೆ. ಆದರೆ ಜಾಸ್ತಿ ಸಲ ಹೋಗಬೇಕು, ಅರ್ಧ ದಿನ ಅಲ್ಲೇ. ಅಮ್ಮನಿಗೆ ಶುಗರ್ ಇದ್ದರೆ ತಿಂಡಿ ತಿನ್ನಿಸಿ, ಮಾತ್ರೆ ಕೊಟ್ಟು ಕರಕೊಂಡು ಹೋಗಿ, ಚೀಲದಲ್ಲಿ ಬಾಳೆಹಣ್ಣೋ ಬಿಸ್ಕತ್ತೋ ಇರಲಿ.

ಬಿಪಿಎಲ್ ಕಾರ್ಡ್ ಇರುವ ಹಿರಿಯರಿಗೆ ಉಚಿತವಾಗಿ ಹಲ್ಲು ಸೆಟ್ ಕೊಡಲು ಸರ್ಕಾರ ದಂತಭಾಗ್ಯ ಅಂತ ಯೋಜನೆ ತಂದಿತ್ತು. ಅದು ಸೆಟ್‌ಗೆ, ಇಂಪ್ಲಾಂಟ್‌ಗೆ ಅಲ್ಲ. ಹಲ್ಲೆಲ್ಲ ಹೋದ ಹಿರಿಯರು ಮನೆಯಲ್ಲಿದ್ದರೆ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲೋ ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲೋ ವಿಚಾರಿಸಿ. ಆರೋಗ್ಯ ವಿಮೆ ನಂಬಿ ಕೂರಬೇಡಿ. ಅಪಘಾತ ಬಿಟ್ಟರೆ ಹಲ್ಲಿನ ಖರ್ಚನ್ನು ಹೆಚ್ಚಿನ ಪಾಲಿಸಿಗಳು ಕೊಡುವುದಿಲ್ಲ.

ಬಂಟ್ವಾಳದ ಸೊಸೆ

ಇಷ್ಟೆಲ್ಲ ಓದಿದ ಮೇಲೆ ನನಗೆ ಹೇಳಬೇಕು ಅನಿಸಿದ್ದು ಬೇರೆ. ನಮ್ಮ ಅತ್ತೆಗೆ ಮರೆವಿನ ಕಾಯಿಲೆ. ನಾಲ್ಕು ವರ್ಷದಿಂದ ಅವರ ಬಾಯಿ ತೊಳೆಸುವವಳು ನಾನು. ಅವರಿಗೆ ಕೆಳಗೆ ತೆಗೆದು ಹಾಕುವ ಹಲ್ಲಿತ್ತು. ಊಟ ಆದ ಮೇಲೆ ಟಿಶ್ಯೂನಲ್ಲಿ ಸುತ್ತಿ ಎಲ್ಲೋ ಇಡುತ್ತಿದ್ದರು. ಒಂದು ದಿನ ಕಸದ ಜೊತೆ ಹೋಯಿತು. ಹೊಸ ಅಳತೆ ತೆಗೆಯಲು ಬಾಯಿಯನ್ನೇ ತೆರೆಯಲಿಲ್ಲ.

ಮೇಲೆ ಒಂದು ಹಳೆಯ ಬ್ರಿಡ್ಜ್ ಇದೆ. ಅದು ಗಟ್ಟಿಯಾಗಿ ಕೂತಿದೆ, ಕಳೆದುಹೋಗುವ ಭಯ ಇಲ್ಲ. ಆದರೆ ಅದರ ಅಡಿಗೆ ಬ್ರಷ್ ಹಾಕಲು ಹೋದರೆ ನನ್ನ ಕೈ ಕಚ್ಚುತ್ತಾರೆ. ಅಲ್ಲಿ ಹುಳುಕು ಬಂದಿದೆ ಅಂತ ಗೊತ್ತು. ನೋವಾದರೆ ಹೇಳಲು ಅವರಿಗೆ ಬರುವುದಿಲ್ಲ. ಊಟದ ಬಟ್ಟಲು ತಳ್ಳುತ್ತಾರೆ, ಆಗ ನಾವು ಊಹೆ ಮಾಡಬೇಕು.

ಇದು ಬೇಡ, ಅದು ಬೇಡ ಅಂತ ಹೆದರಿಸುತ್ತಿಲ್ಲ ಅಕ್ಕ. ಈಗ 71ರಲ್ಲಿ ಅಮ್ಮ ಕನ್ನಡಿ ಮುಂದೆ ನಿಂತು ಚೆನ್ನಾಗಿ ತೊಳೆಯುತ್ತಾರೆ. 81ರಲ್ಲಿ ಕೈ ನಡುಗಬಹುದು, ಕಣ್ಣು ಮಂಜಾಗಬಹುದು. ಆಗ ಯಾರು ತೊಳೆಸುತ್ತಾರೆ, ಎಷ್ಟು ಸುಲಭ ಅನ್ನುವುದನ್ನು ಈಗಲೇ ಡಾಕ್ಟ್ರ ಹತ್ತಿರ ಕೇಳಿ. ಯಾರೂ ಅದನ್ನು ಕೇಳುವುದಿಲ್ಲ. ಎಷ್ಟು ವರ್ಷ ಬಾಳಿಕೆ ಅಂತ ಮಾತ್ರ ಕೇಳುತ್ತಾರೆ.

ದಂತ ವೈದ್ಯೆ, ನಿವೃತ್ತ

ಈ ಚರ್ಚೆಯಲ್ಲಿ ಇದಕ್ಕಿಂತ ಮುಖ್ಯವಾದ ಮಾತು ಬಂದಿಲ್ಲ. ಬ್ರಿಡ್ಜ್ ಹತ್ತು ಹದಿನೈದು ವರ್ಷ ಬರುತ್ತದೆ ಅಂತ ನಾವು ಹೇಳುವುದು ತೊಳೆಯುವ ಕೈ ಇದ್ದರೆ ಮಾತ್ರ.

ಒಂದು ಸೇರಿಸುತ್ತೇನೆ. ಬಿಪಿ, ನಿದ್ದೆ, ಖಿನ್ನತೆಗೆ ಕೊಡುವ ಹಲವು ಮಾತ್ರೆಗಳಿಂದ ಹಿರಿಯರ ಬಾಯಿ ಒಣಗುತ್ತದೆ. ಜೊಲ್ಲು ಕಡಿಮೆಯಾದರೆ ಕ್ಯಾಪಿನ ಅಂಚಿನಲ್ಲಿ, ವಸಡಿನ ಬುಡದಲ್ಲಿ ಹುಳುಕು ಬೇಗ ಬರುತ್ತದೆ. ರಾತ್ರಿ ನೀರಿಗೆ ಏಳುತ್ತಾರಾ, ಒಣ ರೊಟ್ಟಿ ನುಂಗಲು ಕಷ್ಟವಾ ಅಂತ ಅಮ್ಮನನ್ನು ಕೇಳಿ. ಹೌದಾದರೆ ಬ್ರಿಡ್ಜ್‌ಗೆ ಮೊದಲೇ ಅದರ ದಾರಿ ನೋಡಬೇಕು. ಫ್ಲೋರೈಡ್ ಇರುವ ಪೇಸ್ಟು ದಿನಕ್ಕೆ ಎರಡು ಸಲ, ಉಗಿದ ಮೇಲೆ ಬಾಯಿ ತುಂಬಾ ನೀರು ಹಾಕಿ ಮುಕ್ಕಳಿಸಬಾರದು.

ಕಲ್ಯಾಣಪುರದ ಮಗಳು

ಎಲ್ಲರ ಮಾತನ್ನೂ ಅಮ್ಮನಿಗೆ ಓದಿ ಹೇಳಿದೆ. ಬಂಟ್ವಾಳದ ತಂಗಿ ಬರೆದದ್ದನ್ನು ಎರಡನೇ ಸಲ ಓದಿಸಿಕೊಂಡರು. ಆಮೇಲೆ ತಾವಾಗಿಯೇ "ತೋರಿಸಿಕೊಂಡು ಬರುವ" ಅಂದರು.

ಈ ಸಲ ದಂತ ಕಾಲೇಜಿಗೆ ಕರಕೊಂಡು ಹೋದೆ. ಡ್ರಿಪ್‌ನ ಫೈಲ್ ಮೊದಲೇ ಮೇಜಿನ ಮೇಲಿಟ್ಟೆ. ಮೂಳೆ ಡಾಕ್ಟ್ರ ಜೊತೆ ಅವರೇ ಫೋನಿನಲ್ಲಿ ಮಾತಾಡಿದರು. ಎಚ್‌ಬಿಎ1ಸಿ 7.4 ಬಂತು. ಇಂಪ್ಲಾಂಟ್ ಬೇಕಾದರೆ ಮಾಡಬಹುದು, ಆದರೆ ಹಿಂದಿನ ಹಲ್ಲಿಗೆ ಕ್ಯಾಪ್ ಬೇಕೇ ಬೇಕು, ಅದರ ಬೇರು ಎಕ್ಸ್‌ರೇಯಲ್ಲಿ ಚೆನ್ನಾಗಿದೆ, ಹಾಗಾಗಿ ಬ್ರಿಡ್ಜೇ ಒಳ್ಳೆಯದು ಅಂದರು. ಫಿಲ್ಲಿಂಗ್ ತೆಗೆದು ನೋಡಿದಾಗ ನಾಲಗೆಯ ಬದಿಯಲ್ಲಿ ಹಲ್ಲು ಸ್ವಲ್ಪ ಕಡಿಮೆ ಇತ್ತು. ಬೇರಿನೊಳಗೆ ಪೋಸ್ಟ್ ಅನ್ನುವ ಸಣ್ಣ ಕಡ್ಡಿ ಹಾಕಿ ಕಟ್ಟಿದ್ದಾರೆ. ಲ್ಯಾಬ್‌ನ ಅಣ್ಣ ಹೇಳಿದ ಆ ಒಂದೂವರೆ ಮಿಲಿಮೀಟರ್ ಸುತ್ತಲೂ ಇದೆಯಾ ಅಂತ ಕೇಳಿದೆ. ಡಾಕ್ಟ್ರು ಒಂದು ಗಳಿಗೆ ನನ್ನನ್ನೇ ನೋಡಿ, ಕನ್ನಡಿ ಹಿಡಿದು ತೋರಿಸಿದರು. ಇದೆ.

ಅಡಿಯಲ್ಲಿ ಜಾಗ ಬಿಟ್ಟು ಮಾಡಿಸಿ ಅಂತಲೂ ಹೇಳಿದ್ದೇನೆ. ಬರುವ ವಾರ ಅಳತೆ. ತೊಳೆಯುವುದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೀರಾ ಮೇಡಂ? ಅಮ್ಮನಿಗೆ ಈಗಿನಿಂದಲೇ ಅಭ್ಯಾಸ ಮಾಡಿಸುತ್ತೇನೆ.

ದಂತ ವೈದ್ಯೆ, ನಿವೃತ್ತ

ಖಂಡಿತ. ಮೆಡಿಕಲ್ ಶಾಪ್‌ನಲ್ಲಿ ಇಂಟರ್‌ಡೆಂಟಲ್ ಬ್ರಷ್ ಸಿಗುತ್ತದೆ, ಪುಟ್ಟ ಕ್ರಿಸ್ಮಸ್ ಮರದ ಆಕಾರದ್ದು. ಸೈಜ್ ಡಾಕ್ಟ್ರ ಹತ್ತಿರವೇ ಕೇಳಿ ತಗೊಳ್ಳಿ. ಒತ್ತಿ ತೂರಿಸುವಷ್ಟು ದಪ್ಪ ಬೇಡ, ಸಡಿಲವೂ ಬೇಡ. ಕೆನ್ನೆಯ ಕಡೆಯಿಂದ ನಡುವಿನ ಹಲ್ಲಿನ ಅಡಿಗೆ ಹಾಕಿ, ಮುಂದಿನ ಹಲ್ಲಿಗೆ ಒರಗಿಸಿ ನಾಲ್ಕು ಸಲ ಎಳೆಯುವುದು, ಹಿಂದಿನ ಹಲ್ಲಿಗೆ ಒರಗಿಸಿ ನಾಲ್ಕು ಸಲ. ರಾತ್ರಿ ಮಲಗುವ ಮೊದಲು ಒಂದು ಸಲ ಸಾಕು. ಮೊದಲ ವಾರ ರಕ್ತ ಬಂದರೆ ನಿಲ್ಲಿಸಬೇಡಿ, ಮೆಲ್ಲಗೆ ಮಾಡಿ. ಎರಡು ವಾರ ಕಳೆದರೂ ಬರುತ್ತಿದ್ದರೆ ತೋರಿಸಿ. ಮಣಿಕಟ್ಟು ಮುರಿದ ಕೈ ಬಲಗೈಯಾಗಿದ್ದರೆ ಉದ್ದ ಹಿಡಿಯ ಬ್ರಷ್ ತಗೊಳ್ಳಿ, ಹಿಡಿಯಲು ಸುಲಭ.

ಮತ್ತೆ ಆರು ತಿಂಗಳಿಗೊಮ್ಮೆ ತಪಾಸಣೆ. ಬ್ರಿಡ್ಜ್ ಅಲುಗಾಡುತ್ತದೆ ಅನಿಸಿದರೆ ಕಾಯಬೇಡಿ. ಒಂದು ಬದಿ ಬಿಟ್ಟು ಇನ್ನೊಂದು ಬದಿ ಹಿಡಿದುಕೊಂಡಿದ್ದರೆ ನೋವೇ ಇಲ್ಲದೆ ಒಳಗೆ ಹಲ್ಲು ಕರಗುತ್ತದೆ.

ಕಲ್ಯಾಣಪುರದ ಮಗಳು

ಬಲಗೈಯೇ ಮೇಡಂ. ಉದ್ದ ಹಿಡಿಯದ್ದನ್ನೇ ತರುತ್ತೇನೆ. ಬ್ರಿಡ್ಜ್ ಕೂರಿಸಿದ ದಿನವೇ ಆ ಬದಿಯಲ್ಲಿ ಊಟ ಮಾಡಬಹುದಾ?

ಹಲ್ಲಿನ ಲ್ಯಾಬ್ ಕೆಲಸದವ

ಮೊದಲ ದಿನ ಮೆತ್ತಗಿನದ್ದೇ ಆಗಲಿ ಅಕ್ಕ, ನೀರುದೋಸೆಯಂಥದ್ದು. ಸಿಮೆಂಟ್ ಪೂರ್ತಿ ಗಟ್ಟಿಯಾಗಲಿ. ಕಚ್ಚುವಾಗ ಆ ಹಲ್ಲೇ ಮೊದಲು ತಾಗುತ್ತದೆ ಅಂತ ಅನಿಸಿದರೆ ಸರಿ ಹೋಗುತ್ತದೆ ಅಂತ ಬಿಡಬೇಡಿ, ಮರುದಿನವೇ ಹೋಗಿ ಎತ್ತರ ತೇಯಿಸಿಕೊಂಡು ಬನ್ನಿ. ಐದು ನಿಮಿಷದ ಕೆಲಸ. ಬಸಳೆ ದಂಟು ಆಮೇಲೆ ಆರಾಮವಾಗಿ ಜಗಿಯಲಿ.